ಸೆಲ್ಫ್ ಹೊಡೀತಿದೆ, ಗಾಡಿ ಸ್ಟಾರ್ಟ್ ಆಗ್ತಿಲ್ಲ: ಸುಮ್ನೆ ಬದಲಿಸಿದ ಪಂಪ್‌ನ ಕತೆ

"ಸೆಲ್ಫ್ ಚೆನ್ನಾಗೇ ಹೊಡೀತಿದೆ, ಗಾಡಿ ಮಾತ್ರ ಸ್ಟಾರ್ಟ್ ಆಗ್ತಿಲ್ಲ ಮಾರಾಯ್ರೆ." ಮಳೆಗಾಲ ಶುರುವಾದರೆ ಇಂಥ ಫೋನು ನಮಗೆ ಮಾಮೂಲು. ನನ್ನ ಗ್ಯಾರೇಜ್ ಇರೋದು ತೀರ್ಥಹಳ್ಳಿ ಕಡೆ. ಅಡಿಕೆ ತೋಟದ ಮನೆಗಳಲ್ಲಿ ಕಾರನ್ನು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿರುತ್ತಾರೆ. ಜೋರು ಮಳೆ ಹಿಡಿದರೆ ವಾರಗಟ್ಟಲೆ ಅದನ್ನು ಯಾರೂ ಮುಟ್ಟೋದಿಲ್ಲ. ಆಮೇಲೆ ಒಂದು ದಿನ ಮದುವೆಗೆ ಹೊರಡುವಾಗ ಕೀ ತಿರುಗಿಸುತ್ತಾರೆ, ಅಷ್ಟೇ.

ಆ ಸಲ ಬಂದದ್ದು ಒಂದು ಹಳೆ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಂಪನಿ ಹೆಸರು ಬೇಡ, ತಪ್ಪು ಗಾಡಿಯದಲ್ಲ, ನನ್ನದು.

ಮನೆಗೇ ಹೋಗಿ ನೋಡಿದೆ. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇತ್ತು. ಇಮ್ಮೊಬಿಲೈಸರ್ (ಬೇರೆ ಕೀ ಹಾಕಿದರೆ ಸ್ಟಾರ್ಟ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಲೈಟು ಮಿಣುಕದೆ ಸರಿಯಾಗಿ ಆರಿಹೋಯಿತು. ಸೆಲ್ಫ್ ಹೊಡೆದಾಗ ಎಂಜಿನ್ನು ತಾಳ ಹಿಡಿದ ಹಾಗೆ ಚುಕ್ಕು ಚುಕ್ಕು ತಿರುಗುತ್ತಿತ್ತು, ಅಂದರೆ ಪಿಸ್ಟನ್ನಿಗೂ ವಾಲ್ವಿಗೂ ತಾಳ ಹೊಂದಿಸುವ ಟೈಮಿಂಗ್ ಬೆಲ್ಟ್ ಹೋಗಿಲ್ಲ. ಬೆಲ್ಟ್ ಕಡಿದಿದ್ದರೆ ಆ ತಾಳ ಇರೋದಿಲ್ಲ, ಭಾರವೇ ಇಲ್ಲದ ಹಾಗೆ ಒಂದೇ ಸಮನೆ ಗರ್ರ್ ಅಂತ ಓಡುತ್ತದೆ. ಆ ಸದ್ದು ಕೇಳಿದರೆ ಮತ್ತೆ ಸೆಲ್ಫ್ ಹೊಡೆಯಲೇಬಾರದು, ಕೆಲವು ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಖರ್ಚು ಹತ್ತುಪಟ್ಟು ಆಗುತ್ತದೆ. ಸ್ಕ್ಯಾನರ್ ಹಾಕಿದೆ, ದೋಷ ತೋರಿಸುವ ಕೋಡ್ ಒಂದೂ ಇಲ್ಲ. ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಒಣಗಿದ ಕಡ್ಡಿ ಥರ ಇತ್ತು, ಪೆಟ್ರೋಲಿನ ಪಸೆಯೂ ಇಲ್ಲ, ವಾಸನೆಯೂ ಇಲ್ಲ.

ಪ್ಲಗ್ ಕೈಯಲ್ಲೇ ಇತ್ತು. ಅದನ್ನು ಸ್ಪಾರ್ಕಿಗೆ ಕರೆಂಟ್ ಕೊಡುವ ಕಾಯಿಲ್‌ಗೆ ಸಿಕ್ಕಿಸಿ, ಎಂಜಿನ್ ಮೈಗೆ ಅರ್ತ್ ಕೊಟ್ಟು, ಇಂಜೆಕ್ಟರ್ ಕನೆಕ್ಟರ್ ತೆಗೆದಿಟ್ಟು ಒಂದು ಸಲ ಸೆಲ್ಫ್ ಹೊಡೆಸಿದ್ದರೆ ಸ್ಪಾರ್ಕ್ ಇದೆಯೋ ಇಲ್ಲವೋ ಗೊತ್ತಾಗುತ್ತಿತ್ತು. ಎರಡು ನಿಮಿಷದ ಕೆಲಸ. ನಾನು ಮಾಡಲಿಲ್ಲ. ಪ್ಲಗ್ ಒಣಗಿದೆ, ಅಂದರೆ ಪೆಟ್ರೋಲ್ ಬರ್ತಿಲ್ಲ, ಅಂದರೆ ಪಂಪ್! ತಲೆ ಅಲ್ಲಿಗೇ ಓಡಿತು. ಹದಿನಾಲ್ಕು ವರ್ಷ ಸ್ಪ್ಯಾನರ್ ಹಿಡಿದವನಿಗೆ ಇದೊಂದು ಕಾಯಿಲೆ, ಉತ್ತರ ಮೊದಲೇ ಬಂದುಬಿಡುತ್ತದೆ.

ಖಾತ್ರಿ ಮಾಡಿಕೊಳ್ಳೋಣ ಅಂತ ಎಂಜಿನ್ ಹತ್ತಿರದ ಪೆಟ್ರೋಲ್ ಪೈಪ್ ಬಿಚ್ಚಿ ಬಾಟಲಿಗೆ ಇಳಿಬಿಟ್ಟು ಹುಡುಗನಿಗೆ ಕೀ ಕೊಟ್ಟೆ. ಕೀ ಆನ್ ಮಾಡಿದ ಕೂಡಲೇ ಒಂದು ಸಲ ಚಿಮ್ಮಿತು. ಸೆಲ್ಫ್ ಹೊಡೆದಾಗ ಪೂರ್ತಿ ನಿಂತಿತು. "ನೋಡು, ಪಂಪ್ ವೀಕ್ ಆಗಿದೆ, ಒಂದು ಸಲ ತಳ್ಳಿ ಸುಮ್ಮನಾಗ್ತಿದೆ" ಅಂತ ಅವನಿಗೆ ಪಾಠ ಬೇರೆ ಮಾಡಿದೆ. ಗಾಡಿ ಎಳೆದು ತಂದು, ಹಿಂದಿನ ಸೀಟು ಎತ್ತಿ, ಟ್ಯಾಂಕಿನ ಮುಚ್ಚಳ ತೆಗೆದು, ಮೈಯೆಲ್ಲ ಪೆಟ್ರೋಲ್ ವಾಸನೆ ಮಾಡಿಕೊಂಡು ಹೊಸ ಪಂಪ್ ಕೂರಿಸಿದೆ. ಕೀ ತಿರುಗಿಸಿದರೆ ಮತ್ತೆ ಅದೇ. ಚುಕ್ಕು ಚುಕ್ಕು ಚುಕ್ಕು.

ಆಮೇಲೆ ಫ್ಯೂಸ್ ನೋಡಿದೆ. ರಿಲೇ ಅದಲು ಬದಲು ಮಾಡಿದೆ. ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಕುಗ್ಗಿಸಿದೆ. ಇದೂ ತಪ್ಪೇ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಹೊಡೆಯಬಾರದು, ನಡುವೆ ಮೋಟರಿಗೆ ಉಸಿರಾಡಲು ಬಿಡಬೇಕು. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಹೋದರೆ ಎಂಜಿನ್ ತಿರುಗಿದರೂ ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್, ಸರಿಯಾಗಿ ಕೆಲಸ ಮಾಡದೆ ಇರಬಹುದು, ಆಗ ಇದ್ದ ತೊಂದರೆಯ ಮೇಲೆ ಇನ್ನೊಂದು ತೊಂದರೆ ನಾವೇ ತಂದುಕೊಂಡ ಹಾಗೆ.

ಸಂಜೆ ಹೊತ್ತಿಗೆ ನಮ್ಮ ಪಕ್ಕದ ವೈರಿಂಗ್ ಅಂಗಡಿಯ ಹಿರಿಯರು ಚಹಾ ಕುಡಿಯಲು ಬಂದರು. ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು ಒಂದೇ ಸಲ ಸೆಲ್ಫ್ ಹೊಡೆದರು. ಕಣ್ಣು ಮೀಟರಿನ ಮೇಲಿತ್ತು.

"ಆರ್‌ಪಿಎಂ ಮುಳ್ಳು ಅಲ್ಲಾಡ್ತಿಲ್ಲ. ಸ್ಪಾರ್ಕ್ ನೋಡಿದ್ಯಾ?"

ನೋಡಿರಲಿಲ್ಲ. ಆಗ ನೋಡಿದೆ. ಸ್ಪಾರ್ಕೂ ಇಲ್ಲ.

ಪೆಟ್ರೋಲೂ ಇಲ್ಲ, ಸ್ಪಾರ್ಕೂ ಇಲ್ಲ. ಪಂಪೂ ಕಾಯಿಲೂ ಒಂದೇ ರಾತ್ರಿ ಮಾತಾಡಿಕೊಂಡು ಸಾಯೋದಿಲ್ಲ ಅಲ್ವಾ? ಎರಡಕ್ಕೂ ಅಪ್ಪಣೆ ಕೊಡುವವನು ಇಸಿಎಂ. ಎಂಜಿನ್ನು ತಿರುಗುತ್ತಿದೆ ಅಂತ ಅವನಿಗೆ ಹೇಳುವುದು ಕ್ರ್ಯಾಂಕ್ ಸೆನ್ಸರ್, ಆರ್‌ಪಿಎಂ ಮುಳ್ಳು ಏಳುವುದೂ ಅದರ ಸಿಗ್ನಲ್ಲಿನಿಂದಲೇ. ಕೀ ಆನ್ ಮಾಡಿದಾಗ ಇಸಿಎಂ ಸುಮಾರು ಎರಡು ಸೆಕೆಂಡ್ ಪಂಪ್ ಓಡಿಸಿ ಪ್ರೆಷರ್ ಕಟ್ಟುತ್ತದೆ. ಆಮೇಲೆ ಸೆನ್ಸರಿನಿಂದ ಸಿಗ್ನಲ್ ಬಂದರೆ ಮಾತ್ರ ಪಂಪ್ ಮುಂದುವರಿಯುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಆಕ್ಸಿಡೆಂಟ್ ಆಗಿ ಎಂಜಿನ್ ನಿಂತ ಗಾಡಿಯಲ್ಲಿ ಪೆಟ್ರೋಲ್ ಸುರಿಯುತ್ತಲೇ ಇರಬಾರದಲ್ಲ, ಅದಕ್ಕೇ ಈ ವ್ಯವಸ್ಥೆ. ಬಾಟಲಿಯಲ್ಲಿ ನಾನು ನೋಡಿದ್ದು ವೀಕ್ ಪಂಪ್ ಅಲ್ಲ, ಹೇಳಿದಷ್ಟು ಸರಿಯಾಗಿ ಮಾಡುತ್ತಿದ್ದ ಪಂಪ್. ಕೋಡ್ ಯಾಕೆ ಬರಲಿಲ್ಲ ಅನ್ನೋದಕ್ಕೂ ಇದೇ ಕಾರಣ. ಸಿಗ್ನಲ್ಲೇ ಇಲ್ಲದಿದ್ದರೆ ಕೆಲವು ಇಸಿಎಂಗಳು ಎಂಜಿನ್ ನಿಂತೇ ಇದೆ ಅಂದುಕೊಳ್ಳುತ್ತವೆ. ನಿಂತ ಎಂಜಿನ್ನಿಗೆ ಎಂಥ ದೂರು!

ಎಲ್ಲ ಗಾಡಿಯಲ್ಲೂ ಸೆಲ್ಫ್ ಹೊಡೆಯುವಾಗ ಮುಳ್ಳು ಏಳೋದಿಲ್ಲ, ಕೆಲವಕ್ಕೆ ಮುಳ್ಳೇ ಇರೋದಿಲ್ಲ. ಅಂಥವಕ್ಕೆ ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಆರ್‌ಪಿಎಂ ನೋಡಬೇಕು. 200ರ ಆಸುಪಾಸು ಏನಾದರೂ ಬರಬೇಕು. ಸೊನ್ನೆಯಲ್ಲೇ ಕೂತಿದ್ದರೆ ಪಂಪ್ ತಂಟೆಗೆ ಹೋಗುವ ಮೊದಲು ಸೆನ್ಸರ್ ನೋಡಿ.

ಟಾರ್ಚ್ ಹಿಡಿದು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಕೈ ಹಾಕಿದೆ. ಕೈಗೆ ಮೊದಲು ಸಿಕ್ಕಿದ್ದು ಅಡಿಕೆ ಸಿಪ್ಪೆಯ ನಾರು, ಮೆತ್ತಗೆ, ಗೂಡು ಕಟ್ಟಿದ ಹಾಗೆ. ಅದರ ಕೆಳಗೆ ಸೆನ್ಸರಿನ ಎರಡು ವೈರು. ಒಂದು ಚೆನ್ನಾಗಿತ್ತು. ಇನ್ನೊಂದರ ಮೇಲಿನ ಪ್ಲಾಸ್ಟಿಕ್ಕನ್ನು ಇಲಿ ಬೆರಳುದ್ದ ಸುಲಿದು, ಒಳಗಿನ ತಾಮ್ರವನ್ನೂ ಕಡಿದು ಹಾಕಿತ್ತು. ಸೋಲ್ಡರ್ ಮಾಡಿ, ಸ್ಲೀವ್ ಹಾಕಿ, ಟೇಪ್ ಸುತ್ತಿ, ಬ್ಯಾಟರಿ ಬದಲಿಸಿ ಕೀ ತಿರುಗಿಸಿದರೆ ಅರ್ಧ ಸುತ್ತಿಗೇ ಸ್ಟಾರ್ಟ್. ಹಿರಿಯರು ಇನ್ನೂ ಚಹಾ ಮುಗಿಸಿರಲಿಲ್ಲ.

ಹಳೆ ಪಂಪ್ ವಾಪಸ್ ಹಾಕಿದೆ. ಟ್ಯಾಂಕಿಗೆ ಇಳಿಸಿದ ಹೊಸದನ್ನು ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ, ಆ ದುಡ್ಡು ನನ್ನ ಜೇಬಿನದು. ಗಿರಾಕಿಗೆ ವೈರಿನ ಕೆಲಸದ ಬಿಲ್ ಮಾತ್ರ ಕೊಟ್ಟು ನಡೆದದ್ದನ್ನು ಹೇಳಿದೆ. ಮುಳ್ಳಿನ ವಿಷಯವನ್ನೂ ಹೇಳಿದೆ. ಅವರು ನಕ್ಕರು, ಅದೇ ಪುಣ್ಯ.

ಅದಾದ ಮೇಲೆ ಆಗುಂಬೆ ಘಾಟಿಯ 14 ತಿರುವು ಹತ್ತಿ ಬಂದು ಮೇಲೆ ನಿಂತುಬಿಟ್ಟ ಇನ್ನೊಂದು ಗಾಡಿ ಸಿಕ್ಕಿತು. ಅರ್ಧ ಗಂಟೆ ಬಿಟ್ಟರೆ ತಾನಾಗೇ ಸ್ಟಾರ್ಟ್, ಬಿಸಿಯಾದರೆ ಮತ್ತೆ ಬಂದ್. ಅಲ್ಲಿ ವೈರು ಸರಿಯಿತ್ತು, ಸೆನ್ಸರೇ ಬಿಸಿಗೆ ಕೈಕೊಡುತ್ತಿತ್ತು. ಬಿಸಿಯಲ್ಲಿದ್ದಾಗಲೇ ಲೈವ್ ಡೇಟಾ ನೋಡಿದ್ದಕ್ಕೆ ಹತ್ತು ನಿಮಿಷದಲ್ಲಿ ಸಿಕ್ಕಿಬಿತ್ತು.

ಮರುವರ್ಷ ಮಳೆಯಲ್ಲಿ ಆ ಹ್ಯಾಚ್‌ಬ್ಯಾಕಿನವರೇ ಫೋನ್ ಮಾಡಿದರು. ಸೆಲ್ಫ್ ಹೊಡೀತಿದೆ, ಸ್ಟಾರ್ಟ್ ಇಲ್ಲ. "ಆದ್ರೆ ಈ ಸಲ ಮುಳ್ಳು ಅಲ್ಲಾಡ್ತಿದೆ" ಅಂದರು. ನಿನ್ನೆ ಏನು ಮಾಡಿದಿರಿ ಅಂತ ಕೇಳಿದೆ. ಶೆಡ್ಡಿನಿಂದ ಅಂಗಳಕ್ಕೆ ತಂದು ಕೂಡಲೇ ಆಫ್ ಮಾಡಿದ್ದರಂತೆ. ಪೆಟ್ರೋಲ್ ವಾಸನೆ ಬರ್ತಿದೆಯಾ? ಹೌದಂತೆ. ಓವರ್‌ಫ್ಲೋ, ಅಂದರೆ ಎಂಜಿನ್ ಒಳಗೆ ಪೆಟ್ರೋಲ್ ಜಾಸ್ತಿಯಾಗಿದೆ. ಆಕ್ಸಿಲರೇಟರ್ ಪೂರ್ತಿ ನೆಲಕ್ಕೆ ಒತ್ತಿ ಹಿಡಿದು ಐದು ಸೆಕೆಂಡ್ ಸೆಲ್ಫ್ ಹೊಡೀರಿ, ಹಾಗೆ ಮಾಡಿದರೆ ಇಸಿಎಂ ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಬಿಡುತ್ತೆ ಅಂದೆ. ಎರಡನೇ ಸಲಕ್ಕೆ ಫೋನಿನಲ್ಲೇ ಸದ್ದು ಕೇಳಿಸಿತು, ಮೊದಲು ಕೆಮ್ಮಿತು, ಆಮೇಲೆ ಹಿಡಿಯಿತು.