ಅಡುಗೆಮನೆ ಕಿಟಕಿಯಲ್ಲೊಂದು ಒಟ್ಟಲು

ಸಂಕ್ರಾಂತಿಯ ಎಳ್ಳು-ಬೆಲ್ಲದ ಡಬ್ಬಿ ಖಾಲಿಯಾಯಿತು. ತಳಕ್ಕೆ ತೂತು ಕೊರೆದು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ ತುಂಬಿ ಈರನಗೆರೆ ಬದನೆ ಬೀಜ ಹಾಕಿದ್ದೇನೆ. ಇದೇ ನನ್ನ ಒಟ್ಟಲು, ಅಂದರೆ ಸಸಿಮಡಿ. ಟೊಮೆಟೊ, ಮೆಣಸಿನಕಾಯಿ ಪೇಪರ್ ಕಪ್‌ಗಳಲ್ಲಿವೆ. ಮೈಸೂರಿನ ಚಳಿ ದೊಡ್ಡದೇನಲ್ಲ. ಆದರೂ ರಾತ್ರಿ 20 ಡಿಗ್ರಿಗಿಂತ ಕೆಳಗಿಳಿದರೆ ಮೆಣಸಿನ ಬೀಜ ಮೊಳೆಯೋಕೆ ಸತಾಯಿಸುತ್ತದೆ. ಒಲೆ ಪಕ್ಕದ ಕಿಟಕಿಯೇ ಬೆಚ್ಚಗೆ.

ಟೊಮೆಟೊ 6ನೇ ದಿನಕ್ಕೇ ತಲೆ ಎತ್ತಿತು. ಖುಷಿಗೆ ದಿನಕ್ಕೆ 3 ಸಲ ನೀರು ಹಾಕಿದೆ. ಒಂದು ಬೆಳಗ್ಗೆ ನೋಡಿದರೆ ಅರ್ಧ ಸಸಿಗಳು ಬುಡ ಕೊಳೆತು ಮಲಗಿವೆ! ಮಂಡ್ಯದಿಂದ ಬಂದಿದ್ದ ಅತ್ತೆ, "ನೀರು ಹುಯ್ದೂ ಹುಯ್ದೂ ಸಾಯಿಸ್ಬಿಟ್ಟಲ್ಲವ್ವ. ಮೊದ್ಲು ಮಣ್ಣು ಮುಟ್ಟಿ ನೋಡು" ಅಂದರು. ಅವರದು ಭತ್ತದ ಒಟ್ಟಲು ಬಿಟ್ಟ ಕೈ. ನನ್ನದು ಬರೀ ಯೂಟ್ಯೂಬ್ ವಿದ್ಯೆ.

ಉಳಿದವು ಬೆಳಕಿನ ಕಡೆ ಕತ್ತು ಚಾಚಿವೆ. ದಿನಾ ಕಪ್ ತಿರುಗಿಸಿಡುತ್ತೇನೆ. ನಾಲ್ಕೈದು ಎಲೆ ಬಂದ ಮೇಲೆ ಒಂದು ವಾರ ಬಿಸಿಲು ಅಭ್ಯಾಸ ಮಾಡಿಸಬೇಕು. ಮೊದಲ ದಿನ ಒಂದು ಗಂಟೆ, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ. ಮಗಳನ್ನು ಅಂಗನವಾಡಿಗೆ ಬಿಟ್ಟಿದ್ದೂ ಹೀಗೇ ಅಲ್ವಾ? ಅವಳು ಅಳಲಿಲ್ಲ, ಅತ್ತಿದ್ದು ನಾನು.

ಅಂದಹಾಗೆ, ಬದನೆ ಸಸಿ ಜಾಸ್ತಿಯಾಗಿವೆ. ಕುವೆಂಪುನಗರದ ಕಡೆಯವರು ಯಾರಿಗಾದರೂ ಬೇಕಾ?