ಕಪ್ಪು ಹಲಗೆಯ ಮೇಲಿನ ನಾಲ್ಕು ಎಕರೆ

ಲೀನಿಯರ್ ಪ್ರೋಗ್ರಾಮಿಂಗ್ (ಇರುವ ಮಿತಿಯೊಳಗೆ ಅತಿ ಹೆಚ್ಚು ಲಾಭ ಹುಡುಕುವ ಲೆಕ್ಕ) ಅಂದರೆ ಗ್ರಾಫ್ ಹಾಳೆ, ಸ್ಕೇಲು, ಮೂಲೆ ಹುಡುಕುವುದು ಎಂದುಕೊಂಡೇ ಪಿಯುಸಿ ಮುಗಿಸಿ ಬಂದಿದ್ದೆವು. ಕೋಲಾರದ ನಮ್ಮ ಕಾಲೇಜಿನಲ್ಲಿ ಮೇಷ್ಟ್ರು ಗ್ರಾಫ್ ಎಳೆಯಲೇ ಇಲ್ಲ. ಹಲಗೆಯ ಮೇಲೆ ಒಂದು ಹೊಲ ಬರೆದರು: 4 ಎಕರೆ, ಬೋರ್‌ವೆಲ್‌ಗೆ ದಿನಕ್ಕೆ 6 ಗಂಟೆ ತ್ರೀ ಫೇಸ್ ಕರೆಂಟ್. ಎಕರೆ ಟೊಮೆಟೊಗೆ 3 ಗಂಟೆ ನೀರು, 50 ಸಾವಿರ ಲಾಭ. ಎಕರೆ ರಾಗಿಗೆ 1 ಗಂಟೆ, 20 ಸಾವಿರ. ಅಂಕಿ ಲೆಕ್ಕಕ್ಕಷ್ಟೇ. ಟೊಮೆಟೊ ರೇಟು ಹಾಗೆ ಒಂದೇ ಕಡೆ ನಿಲ್ಲದು ಅನ್ನುವುದು ಕೊನೆಯ ಬೆಂಚಿಗೂ ಗೊತ್ತಿತ್ತು.

ಟೊಮೆಟೊ ಟ ಎಕರೆ, ರಾಗಿ ರ ಎಕರೆ ಎಂದಿಟ್ಟರೆ ಟ + ರ ≤ 4, 3ಟ + ರ ≤ 6. ಉಳಿದ ನೆಲ, ಉಳಿದ ನೀರು ಎಂದು ಎರಡು ಸ್ಲ್ಯಾಕ್ ಸೇರಿಸಿದರೆ ಎರಡೂ ಸಮೀಕರಣವಾಗುತ್ತವೆ. ಟೊಮೆಟೊ, ರಾಗಿ, ಉಳಿದ ನೆಲ, ಉಳಿದ ನೀರು, ಒಂದೊಂದಕ್ಕೂ ಎರಡು ಸಮೀಕರಣಗಳಲ್ಲಿರುವ ಗುಣಾಂಕಗಳ ಜೋಡಿಯೇ ಅದರ ಕಂಬಸಾಲು; ಒಟ್ಟು 4: (1, 3), (1, 1), (1, 0), (0, 1). ಎರಡೆರಡು ಆರಿಸಲು 6 ದಾರಿ. ಆರಿಸಿದೆರಡರ ಮಾತೃಕೆಯ (ಮ್ಯಾಟ್ರಿಕ್ಸ್) ವಿಲೋಮವನ್ನು (ಇನ್ವರ್ಸ್) (4, 6)ಕ್ಕೆ ಗುಣಿಸಿದರೆ ಬರುವುದೇ ಮೂಲೆ. ಆದರೆ ಆರರಲ್ಲಿ ನಾಲ್ಕೇ ಮೂಲೆಗಳು ಹೊಲದೊಳಗಿವೆ. ಉಳಿದೆರಡರಲ್ಲಿ ಸ್ಲ್ಯಾಕ್ ಋಣವಾಗುತ್ತದೆ.

ಅಮೆರಿಕದ ಗಣಿತಜ್ಞ ಡಾಂಟ್ಸಿಗ್ 1947ರಲ್ಲಿ ರೂಪಿಸಿದ ಸಿಂಪ್ಲೆಕ್ಸ್ ವಿಧಾನ ಆರನ್ನೂ ನೋಡುವುದಿಲ್ಲ; ಲಾಭ ಹೆಚ್ಚುವ ಕಡೆಗೆ ಮೂಲೆಯಿಂದ ಮೂಲೆಗೆ ಹೋಗುತ್ತದೆ. ಎಕರೆಗೆ ಲಾಭ ಹೆಚ್ಚು, ಹಾಗಾಗಿ ಮೊದಲು ಟೊಮೆಟೊ ಒಳಗೆ. ಅನುಪಾತ 4/1 = 4, 6/3 = 2; ಚಿಕ್ಕದನ್ನೇ ಹಿಡಿಯಬೇಕು. ನಾವು ತಪ್ಪುತ್ತಿದ್ದದ್ದು ಇಲ್ಲೇ. 4 ಹಿಡಿದರೆ ಟೊಮೆಟೊ 4 ಎಕರೆ, ಉಳಿದ ನೀರು −6 ಗಂಟೆ! ಇನ್ನೊಂದು ತಪ್ಪು ಕ್ಯಾಲ್ಕುಲೇಟರಿನದು: 1/3 ಅನ್ನು 0.33 ಎಂದು ಬರೆದುಕೊಂಡರೆ ಮುಂದಿನ ಸಾಲುಗಳೆಲ್ಲ ಕೆಡುತ್ತವೆ. ಭಿನ್ನರಾಶಿಯಲ್ಲೇ ಇಡಿ.

ಮುಂದಿನ ಹೆಜ್ಜೆಗೆ ರಾಗಿಯೂ ಒಳಗೆ ಬರುತ್ತದೆ. ಮಾತೃಕೆಯ ಸಾಲುಗಳು (1, 1), (3, 1), ನಿರ್ಧಾರಕ (ಡಿಟರ್ಮಿನೆಂಟ್) −2, ವಿಲೋಮದ ಸಾಲುಗಳು (−½, ½), (3/2, −½). ಉತ್ತರ: ಟೊಮೆಟೊ 1 ಎಕರೆ, ರಾಗಿ 3, ಲಾಭ 1,10,000.

ಅದೇ ವಿಲೋಮವನ್ನು ಎಡದಿಂದ ಲಾಭದ ಸಾಲು (5, 2), ಹತ್ತು ಸಾವಿರದ ಲೆಕ್ಕದಲ್ಲಿ, ಇಟ್ಟು ಗುಣಿಸಿದರೆ (½, 3/2). ನನಗೆ ಇಡೀ ಪಾಠದಲ್ಲಿ ಇದೇ ರುಚಿ. ಎರಡೂ ಋಣವಲ್ಲ, ಹಾಗಾಗಿ ಇದಕ್ಕಿಂತ ಒಳ್ಳೆಯ ಮೂಲೆ ಇಲ್ಲ. ಜೊತೆಗೆ ಬೆಲೆಯೂ ಸಿಕ್ಕಿತು: ಇನ್ನೊಂದು ಎಕರೆ ಸಿಕ್ಕರೆ 5 ಸಾವಿರ, ಇನ್ನೊಂದು ಗಂಟೆ ನೀರು ಸಿಕ್ಕರೆ 15 ಸಾವಿರ. ನಮ್ಮ ಕಡೆಯವರಿಗೆ ಇದನ್ನು ಮಾತೃಕೆ ಹೇಳಬೇಕಿರಲಿಲ್ಲ.

ಈ ಬೆಲೆ ಕರೆಂಟ್ 4ರಿಂದ 12 ಗಂಟೆಯೊಳಗೆ ಇರುವವರೆಗೆ ಮಾತ್ರ. 3 ಗಂಟೆಗೆ ಇಳಿದರೆ ಅದೇ ವಿಲೋಮ ಟೊಮೆಟೊಗೆ −½ ಎಕರೆ ಅನ್ನುತ್ತದೆ. ಆಗ ಟೊಮೆಟೊ ಕಂಬಸಾಲು ಹೊರಗೆ, ಉಳಿದ ನೆಲದ್ದು ಒಳಗೆ: 3 ಎಕರೆ ರಾಗಿ, 1 ಎಕರೆ ಬೀಳು.