ಎಕ್ಸ್‌ರೇ ನಾರ್ಮಲ್ ಬಂತು, ಆದರೆ ಕಾಲು ಊರೋಕಾಗ್ತಿಲ್ಲ

ಮಂಡಿಗೆ ಜೋರು ಪೆಟ್ಟು ಬೀಳುತ್ತದೆ, ಎಕ್ಸ್‌ರೇ ತೆಗೆಸುತ್ತಾರೆ, ರಿಪೋರ್ಟ್ ನಾರ್ಮಲ್ ಅಂತ ಬರುತ್ತದೆ, ಅಲ್ಲಿಗೆ ಮೂಳೆಗೇನೂ ಆಗಿಲ್ಲ ಅಂದುಕೊಂಡು ಊದಿದ ಕಾಲಿನಲ್ಲೇ ಮೆಟ್ಟಿಲು ಹತ್ತಿ ಇಳಿಯಲು ಶುರು ಮಾಡುತ್ತಾರೆ. ಆ ಫಿಲ್ಮಿನಲ್ಲಿ ಮುರಿತ ಕಾಣಲಿಲ್ಲ ಅಂತ ಮಾತ್ರ ರಿಪೋರ್ಟ್ ಹೇಳಿರುವುದು.

1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದಾಗಿನಿಂದ ಇವತ್ತಿನ ಡಿಜಿಟಲ್ ಮಷೀನಿನ ತನಕ ಎಕ್ಸ್‌ರೇ ಅಂದರೆ ನೆರಳೇ. ಮೂಳೆಯ ಕ್ಯಾಲ್ಸಿಯಂ ಕಿರಣವನ್ನು ತಡೆಯುತ್ತದೆ, ಹಿಂದಿನದು ಮುಂದಿನದು ಎಲ್ಲ ಒಂದರ ಮೇಲೊಂದು ಬಿದ್ದು ಚಪ್ಪಟೆಯಾಗುತ್ತದೆ. ಸಣ್ಣ ಬಿರುಕು ಕಿರಣದ ದಿಕ್ಕಿಗೆ ಹೊಂದಿಕೊಂಡಿದ್ದರೆ ಗೆರೆ ಕಾಣುತ್ತದೆ, ಇಲ್ಲದಿದ್ದರೆ ತಪ್ಪಿಹೋಗಬಹುದು. ಅದಕ್ಕೇ ಎದುರಿನಿಂದ ಒಂದು, ಪಕ್ಕದಿಂದ ಒಂದು, ಕನಿಷ್ಠ ಎರಡು ಫಿಲ್ಮ್ ಬೇಕು. ನೋಯುವ ಕಾಲನ್ನು ಅಲ್ಲಾಡಿಸಿದರೆ ಟೆಕ್ನಿಷಿಯನ್ ಮೇಲೆ ಸಿಟ್ಟು ಬರುತ್ತದೆ, ನಿಜ.

ಪಕ್ಕದ ಫಿಲ್ಮಿನದೇ ಒಂದು ಸೊಗಸಾದ ವಿಷಯವಿದೆ. ರೋಗಿಯನ್ನು ಅಂಗಾತ ಮಲಗಿಸಿ ಕಿರಣವನ್ನು ಅಡ್ಡಲಾಗಿ ಬಿಟ್ಟು ಚಿತ್ರ ತೆಗೆದರೆ, ಕೆಲವರಲ್ಲಿ ಮಂಡಿಚಿಪ್ಪಿನ ಮೇಲ್ಭಾಗದಲ್ಲಿ ನೇರವಾದ ಒಂದು ಗೆರೆ ಕಾಣುತ್ತದೆ. ಮೇಲೆ ಕೊಬ್ಬು, ಕೆಳಗೆ ರಕ್ತ. ಕೀಲಿನೊಳಗೆ ಮೂಳೆ ಒಡೆದಾಗ ಮಜ್ಜೆಯ ಕೊಬ್ಬು ಸೋರಿ ರಕ್ತದ ಮೇಲೆ ತೇಲುತ್ತದೆ. ಅಂದರೆ ಬಿರುಕೇ ಕಣ್ಣಿಗೆ ಬೀಳದಿದ್ದರೂ ಒಳಗೆಲ್ಲೋ ಮುರಿದಿದೆ ಅಂತ ಅನುಮಾನಿಸಲೇಬೇಕು, ಹುಡುಕಲು ಸಿಟಿ ಸ್ಕ್ಯಾನ್ ಅಥವಾ ಎಂಆರ್‌ಐ ಸ್ಕ್ಯಾನ್ ಬೇಕಾಗುತ್ತದೆ.

ಇವೆರಡೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಮಂಡಿ ಕೆಳಗಿನ ದಪ್ಪ ಮೂಳೆಯಾದ ಟಿಬಿಯಾದ ಮೇಲ್ತುದಿ, ಅಂದರೆ ತೊಡೆ ಮೂಳೆ ಬಂದು ಕೂರುವ ಜಾಗ ಒಡೆದಾಗ ಸಿಟಿಗೆ ಸಮನಾದದ್ದಿಲ್ಲ. ಎಷ್ಟು ಚೂರಾಗಿದೆ, ಎಷ್ಟು ಮಿಲಿಮೀಟರ್ ಕುಸಿದಿದೆ ಅಂತ ಎಲ್ಲ ಕಡೆಯಿಂದಲೂ ನೋಡಿಕೊಂಡು ಸರ್ಜನ್ ಪ್ಲೇಟು, ಸ್ಕ್ರೂ ಎಲ್ಲಿಗೆ ಅಂತ ಯೋಚಿಸಬಹುದು. ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್, ಮಂಡಿಯೊಳಗಿನ ಮೆತ್ತೆಯಾದ ಮೆನಿಸ್ಕಸ್, ಮೂಳೆಯೊಳಗಿನ ಊತ ನೋಡಲು ಎಂಆರ್‌ಐ.

ಹಾಗಂತ ಪೆಟ್ಟು ಬಿದ್ದ ಕೂಡಲೇ ಎಂಆರ್‌ಐ ಮಾಡಿಸಿ ಅಂತ ಡಾಕ್ಟರ ಹಿಂದೆ ಬೀಳುವುದು ನನಗಂತೂ ಸರಿ ಕಾಣಲ್ಲ. ಎಕ್ಸ್‌ರೇ ಕೂಡ ಎಲ್ಲರಿಗೂ ಬೇಕಿಲ್ಲ. ಕೆನಡಾದಲ್ಲಿ ರೂಪಿಸಿದ ಒಟ್ಟಾವಾ ನಿಯಮದ ಪ್ರಕಾರ ವಯಸ್ಸು 55 ಅಥವಾ ಮೇಲಿದ್ದರೆ, ಮಂಡಿಚಿಪ್ಪನ್ನು ಮಾತ್ರ ಒತ್ತಿದಾಗ ನೋವಾದರೆ, ಮಂಡಿ ಕೆಳಗೆ ಹೊರಬದಿಯ ತೆಳು ಮೂಳೆಯಾದ ಫಿಬುಲಾದ ಮೇಲ್ತುದಿ ಒತ್ತಿದಾಗ ನೋವಾದರೆ, ಮಂಡಿ 90 ಡಿಗ್ರಿ ಮಡಚಲು ಆಗದಿದ್ದರೆ, ಪೆಟ್ಟಾದ ಕೂಡಲೇ ಹಾಗೂ ಆಸ್ಪತ್ರೆಯಲ್ಲೂ 4 ಹೆಜ್ಜೆ ಇಡಲು ಆಗದಿದ್ದರೆ, ಇವುಗಳಲ್ಲಿ ಒಂದಿದ್ದರೂ ಎಕ್ಸ್‌ರೇ ತೆಗೆಸಬೇಕು. ರೇಡಿಯೇಷನ್ ಅಂತ ಹೆದರುವವರಿಗೆ ಒಂದು ಮಾತು: ಮಂಡಿಯ ಎಕ್ಸ್‌ರೇಯಲ್ಲಿ ತಗಲುವುದು ಸುತ್ತಲಿನ ಪ್ರಕೃತಿಯಿಂದ ಸುಮಾರು ಒಂದು ದಿನದಲ್ಲಿ ನಮಗೆ ಹೇಗೂ ಸಿಗುವಷ್ಟೇ. ಬಸುರಿಯಾಗಿದ್ದರೆ ಮಾತ್ರ ಮೊದಲೇ ತಿಳಿಸಬೇಕು.

ಪಾದದ ಕೀಲು ಉಳುಕಿದವರಿಗೂ ಇದು ಗೊತ್ತಿರಲಿ. ಪಾದ ತಿರುಚಿದ ರಭಸಕ್ಕೆ ಫಿಬುಲಾ ಮೇಲೆ ಮಂಡಿಯ ಹತ್ತಿರ ಮುರಿಯುವುದುಂಟು, ಮೈಸೊನ್ಯೂವ್ ಮುರಿತ ಅಂತಾರೆ. ಪಾದದ ಕೀಲಿನ ಫಿಲ್ಮಿನಲ್ಲಿ ಅದು ಬರುವುದೇ ಇಲ್ಲ, ಆದ್ದರಿಂದ ಮಂಡಿ ಕೆಳಗೂ ನೋವಿದ್ದರೆ ಬಾಯಿಬಿಟ್ಟು ಹೇಳಬೇಕು, ಅಲ್ವಾ?

ಜಾಸ್ತಿ ಓಡುವವರಲ್ಲಿ ಬರುವ ಸ್ಟ್ರೆಸ್ ಫ್ರಾಕ್ಚರ್, ಅಂದರೆ ಮತ್ತೆ ಮತ್ತೆ ಬೀಳುವ ಭಾರಕ್ಕೆ ಮೂಳೆಯಲ್ಲಾಗುವ ಸಣ್ಣ ಬಿರುಕು, ಇನ್ನೂ ಕಳ್ಳ. ಮೊದಲ 2–3 ವಾರ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಎಂಆರ್‌ಐಯಲ್ಲಾದರೆ ಬೇಗ ಸಿಗುತ್ತದೆ, ಅದಿಲ್ಲದಿದ್ದರೆ ಕಾಲಿಗೆ ವಿಶ್ರಾಂತಿ ಕೊಟ್ಟು ವಾರಗಳ ನಂತರ ಮತ್ತೆ ಎಕ್ಸ್‌ರೇ ತೆಗೆಯುತ್ತಾರೆ. ಆಗ ಹಳೆಯ ಫಿಲ್ಮನ್ನೂ ತೆಗೆದುಕೊಂಡು ಹೋಗಿ.